ಹೊಗೆಗೂಡಿನ ಇಂಬ್ರ ತಂದ ಸೊನ್ನೆ

ನನ್ನ ತಮ್ಮ ಇಂಬ್ರ ಬೆಳಿಗ್ಗೆ ಎದುರಿಗೆ ಬಂದರೆ ನಮ್ಮ ಟೊಪೊಲಾ ಊರಿನವರು ಮೊದಲು ತಮ್ಮ ಅಂಗಿಯ ಗುಂಡಿ ಹಿಡಿದುಕೊಳ್ಳುತ್ತಾರೆ. ಕುಶಲ ವಿಚಾರಿಸುವುದೆಲ್ಲ ಆಮೇಲೆ. ಅವನು ಮನೆಮನೆಯ ಹೊಗೆಗೂಡು ಗುಡಿಸುವವನು, ನಮ್ಮಪ್ಪನೂ ಅದನ್ನೇ ಮಾಡಿದವನು. ಕರಿ ಕೋಟು, ಕರಿ ಟೋಪಿ, ಹೆಗಲಿಗೆ ಸುತ್ತಿದ ಬ್ರಷ್ಷಿನ ಹಗ್ಗ ಕಂಡ ಕೂಡಲೇ ಗುಂಡಿ ಹಿಡಿದರೆ ಅದೃಷ್ಟ ಅಂತ ಮೂರಾ ನದಿಯ ಈ ದಂಡೆಯವರೂ ನಂಬುತ್ತಾರೆ, ಆ ದಂಡೆಯವರೂ ನಂಬುತ್ತಾರೆ. ಊರಿಗೆಲ್ಲ ಅದೃಷ್ಟ ಹಂಚಿಕೊಂಡು ತಿರುಗುವ ಈ ಮಹಾರಾಯ ತನಗೆ ಅಂತ ಒಂದು ಚೂರೂ ಉಳಿಸಿಕೊಂಡವನಲ್ಲ. ಅವನಿಗೆ ಊರು ಇಟ್ಟ ಹೆಸರು ಸೊನ್ನೆ.

ಆ ಹೆಸರು ಬಂದದ್ದು ಸ್ಪೀಡ್‌ವೇ ಅನ್ನುವ ಬೈಕ್ ಓಟದಿಂದ. ನಮ್ಮ ಕಡೆ ಮಕ್ಕಳು ನಡೆಯುವುದಕ್ಕೆ ಮೊದಲು ಎಡಕ್ಕೆ ತಿರುಗುವುದನ್ನು ಕಲಿಯುತ್ತಾರೆ. ಬ್ರೇಕೇ ಇಲ್ಲದ ಬೈಕು, ಎಡಗಾಲಿಗೆ ಕಬ್ಬಿಣದ ತಳ ಕಟ್ಟಿದ ಬೂಟು, ಕೆಮ್ಮಣ್ಣಿನ ಗುಂಡನೆಯ ಹಾದಿ. ಒಂದು ಓಟಕ್ಕೆ ನಾಲ್ಕು ಜನ, ನಾಲ್ಕು ಸುತ್ತು, ಮುಗಿಯಿತು. ಒಂದು ಲಂಗೋಶ್ ರೊಟ್ಟಿ ಎಣ್ಣೆಯಲ್ಲಿ ಬೇಯುವಷ್ಟೂ ಹೊತ್ತು ಹಿಡಿಯುವುದಿಲ್ಲ, ಮೈದಾನದ ಬಾಗಿಲಲ್ಲಿ ಲಂಗೋಶ್ ಕರಿದು ಮಾರುವ ನನಗೆ ಅದು ಚೆನ್ನಾಗಿ ಗೊತ್ತು. ಮೊದಲು ಬಂದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ.

ನದಿಯ ಎರಡು ದಂಡೆಯೂ ಒಂದೇ ದೇಶವಾಗಿದ್ದ ಹಳೆಯ ಕಾಲದಲ್ಲಿ, ಮೀಸೆ ಸರಿಯಾಗಿ ಮೂಡದ ನಮ್ಮ ಇಂಬ್ರನಿಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಅರ್ಹತಾ ಪಂದ್ಯಕ್ಕೆ ಕರೆ ಬಂತು. ಸವಾರನಾಗಿ ಅಲ್ಲ, ಎರಡನೆಯ ಬದಲಿಯಾಗಿ. ಯಾರಾದರೂ ಬಿದ್ದರೆ ಮೊದಲನೆಯ ಬದಲಿ, ಅವನೂ ಬಿದ್ದರೆ ಇವನು. ಅಪ್ಪ ಹೆಂಡದಂಗಡಿಗೆ ಹೋಗಿ ಮಗ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೊರಟ ಅಂತ ಎಲ್ಲರಿಗೂ ಕುಡಿಸಿದ. ಇಂಬ್ರ ಪರದೇಶದ ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಚರ್ಮದ ಉಡುಪು ಬಿಗಿದುಕೊಂಡು, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಬೇಲಿ ಪಕ್ಕ ನಿಂತಿದ್ದ. ಆವತ್ತು ಒಬ್ಬನೇ ಒಬ್ಬ ಪುಣ್ಯಾತ್ಮ ಬೀಳಲಿಲ್ಲ. ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಲ್ಲಿಸಿ, "ಎಷ್ಟು ತಂದ್ಯೋ?" ಅಂತ ಕೇಳಿದ. ಇಂಬ್ರ ನೆಲ ನೋಡುತ್ತಾ "ಸೊನ್ನೆ ಅಪ್ಪಾ" ಅಂದ.

ಅದು ಸುಳ್ಳು. ಸೊನ್ನೆ ತರಬೇಕಾದರೂ ಓಡಿರಬೇಕು, ಗೆರೆ ದಾಟಿರಬೇಕು. ಇವನಿಗೆ ಸೊನ್ನೆಯೂ ಸಿಕ್ಕಿರಲಿಲ್ಲ. ಅಪ್ಪನ ಮುಖ ನೋಡಿ ಅಷ್ಟಾದರೂ ಇರಲಿ ಅಂತ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಅಪ್ಪ ಪಾಪ, ಸೊನ್ನೆಯಾದರೇನು ನನ್ನ ಮಗ ಓಡಿದ ಅಂತ ಸಾಯುವವರೆಗೂ ಹೇಳಿಕೊಂಡು ತಿರುಗಿದ. ಹೆಸರು ಅಂಟಿಕೊಂಡಿತು. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಆಮೇಲೆ ಅವನು ನಮ್ಮೂರ ಮೈದಾನದಲ್ಲಿ ಕೆಲವು ವರ್ಷ ಓಡಿದ, ಅಂಕಗಳನ್ನೂ ತಂದ, ಅವು ಯಾರಿಗೂ ನೆನಪಿಲ್ಲ. ಒಂದು ಸಲ ಬೇಲಿಗೆ ಗುದ್ದಿ ಮೊಣಕಾಲು ಚೂರು ಮಾಡಿಕೊಂಡ. ಆಸ್ಪತ್ರೆಯ ಮಂಚದ ಮೇಲೆ ನಾನು ಅವನಿಂದ ಆಣೆ ಹಾಕಿಸಿಕೊಂಡೆ, ಇನ್ನು ಬೈಕು ಹತ್ತುವುದಿಲ್ಲ ಅಂತ. ಹತ್ತಲಿಲ್ಲ. ಆದರೆ ಪ್ರತಿ ವಸಂತದಲ್ಲಿ ಡಾಕ್ಟರ ಹತ್ತಿರ ಎದೆ ತೋರಿಸಿ ಸವಾರನ ಲೈಸೆನ್ಸನ್ನು ಮಾತ್ರ ತಪ್ಪದೆ ಹೊಸದು ಮಾಡಿಸುತ್ತಿದ್ದ. ಯಾಕೋ ಅಂದರೆ, "ಲೈಸೆನ್ಸ್ ಇದ್ರೆ ಬೈಕುಗಳ ಹತ್ರ ಸುಮ್ನೆ ಬಿಡ್ತಾರೆ ಅಕ್ಕ" ಅನ್ನುತ್ತಿದ್ದ. ಅವನನ್ನು ಅಲ್ಲಿ ತಡೆಯುವವರು ಯಾರಿದ್ದಾರೆ? ಪಂದ್ಯದ ದಿನ ಅವನು ಕೋಟು ಹಾಕಿಕೊಂಡು ಓಟ ಶುರುವಾಗುವ ಬಾಗಿಲಲ್ಲಿ ನಿಂತಿರಲೇಬೇಕು. ಸವಾರರ ಉಡುಪಿನಲ್ಲಿ ಬರೀ ಜಿಪ್ಪು, ಗುಂಡಿ ಇರುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಇಂಬ್ರನ ಕೋಟಿನ ಗುಂಡಿಯನ್ನೇ ಹಿಡಿದು ಎಳೆದು ಹೋಗುತ್ತಾರೆ. ಆ ಮೇಲಿನ ಹಿತ್ತಾಳೆ ಗುಂಡಿಯನ್ನು ಹೊಲಿದು ಹೊಲಿದು ನನಗೆ ಸಾಕಾಗಿ ಹೋಗಿತ್ತು. ತನ್ನ ಗುಂಡಿ ತನಗೆ ಆಗಿಬರುವುದಿಲ್ಲ ಅನ್ನುವುದು ಆ ಕಸುಬಿನವರ ನಂಬಿಕೆ, ಆದ್ದರಿಂದ ಅವನು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ.

ಈಗ ನನ್ನ ಮಗನ ವಿಷಯಕ್ಕೆ ಬರುತ್ತೇನೆ. ಬ್ಲಾಜ್ ವಾರವೆಲ್ಲ ಆಸ್ಟ್ರಿಯದ ಗ್ರಾಜ್ ಪಟ್ಟಣದಲ್ಲಿ ನೆಲಕ್ಕೆ ಟೈಲ್ಸ್ ಹಾಕುತ್ತಾನೆ, ಶನಿವಾರ ಭಾನುವಾರ ಬೈಕು. ದೇಶದಲ್ಲಿ ಅವನಷ್ಟು ಜೋರಾಗಿ ಓಡುವವರು ಇಲ್ಲ. ತಾಯಿ ಅಂತ ಹೇಳುತ್ತಿಲ್ಲ, ದೇಶದಲ್ಲಿ ಇರುವವರೇ ಏಳೆಂಟು ಜನ. ಮುಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್ಪಿನ ಅರ್ಹತಾ ಪಂದ್ಯಕ್ಕೆ ಅವನು ಹೋಗಬೇಕು. ಆದರೆ ಅಲ್ಲಿಗೆ ಜೋರಾಗಿ ಓಡುವವರು ಹೋಗುವುದಿಲ್ಲ, ದೇಶದ ಒಕ್ಕೂಟಗಳು ಕಳಿಸಿದವರು ಹೋಗುತ್ತಾರೆ. ಯಾವ ಒಕ್ಕೂಟಕ್ಕೆ ಎಷ್ಟು ಸ್ಥಾನ ಅನ್ನುವುದನ್ನು ಚಳಿಗಾಲಕ್ಕೆ ಮುಂಚೆ ವಿಶ್ವ ಒಕ್ಕೂಟದ ಮೇಲಿನವರು ಕೂತು ಹಂಚುತ್ತಾರೆ. ಮದುವೆಮನೆಯ ಮೇಜಿನ ಹಾಗೆ ಅದು. ದೊಡ್ಡ ದೇಶದವರಿಗೆ ಬ್ಯಾಂಡಿನ ಮುಂದೆ ಸಾಲು ಕುರ್ಚಿ, ನಮ್ಮಂಥವರಿಗೆ ಅಡುಗೆಮನೆ ಬಾಗಿಲ ಹತ್ತಿರ ಒಂದು ಸ್ಟೂಲು. ಆ ಸ್ಟೂಲಿನಿಂದ ಒಂದು ಗಳಿಗೆ ಎದ್ದರೆ ಸಾಕು, ಹಿಂದೆ ನಿಂತವನು ಕೂತುಬಿಡುತ್ತಾನೆ. ನಮ್ಮ ಹಿಂದೆ ನಿಂತಿದ್ದವರು ಮೂರಾ ಆಚೆಯವರು.

ಈ ವರ್ಷ ಮೇಲಿನಿಂದ ನಮ್ಮ ಒಕ್ಕೂಟಕ್ಕೆ ಒಂದು ಮಾತು ಬಂತು. ಸ್ಥಾನ ಉಳಿಯಬೇಕಾದರೆ ನಮ್ಮ ರಾಷ್ಟ್ರೀಯ ಪಂದ್ಯ ನಿಜವಾದ ಪಂದ್ಯ ಅಂತ ತೋರಿಸಬೇಕು. ನಮ್ಮದೇ ಲೈಸೆನ್ಸಿನ ಎಂಟು ಸವಾರರು ಓಡಬೇಕು, ಒಬ್ಬೊಬ್ಬನೂ ಕಡೇಪಕ್ಷ ಒಂದು ಓಟವನ್ನು ಗೆರೆ ದಾಟಿ ಮುಗಿಸಬೇಕು. ಪಕ್ಕದ ದೇಶದವರೊಬ್ಬರು ಬಂದು ಕಣ್ಣಾರೆ ನೋಡಿ ವರದಿ ಕೊಡುತ್ತಾರೆ. ಎಂಟು ಜನ ಅಂದರೆ ನಮಗೆ ಸರಿಯಾಗಿ ಎಂಟೇ ಜನ, ಒಂಬತ್ತನೆಯವನನ್ನು ದೇವರು ಹುಟ್ಟಿಸಿಲ್ಲ.

ಪಂದ್ಯಕ್ಕೆ ಮೂರು ದಿನ ಇದೆ ಅನ್ನುವಾಗ ಕ್ಲಬ್ಬಿನ ಅಧ್ಯಕ್ಷ ತೊಮೊ ಮುಖ ಸಪ್ಪಗೆ ಮಾಡಿಕೊಂಡು ನನ್ನ ಮನೆಗೆ ಬಂದ. ಅವನದು ಟೈರು ಅಂಗಡಿ, ಕೈ ಯಾವಾಗಲೂ ಕರಿ. ಇಂಬ್ರ ಆಗ ನನ್ನ ಅಡುಗೆಮನೆಯಲ್ಲಿ ಕೂತು ಸಾರಿಗೆ ಬ್ರೆಡ್ಡು ಅದ್ದುತ್ತಿದ್ದ.

"ಯಲ್ಜಕ್ಕ, ಕೆಲಸ ಕೆಡ್ತು. ನಮ್ಮ ಎಂಟನೇ ಹುಡುಗ ಅಕ್ರೋಟು ಕೊಯ್ಯೋಕೆ ಮರ ಹತ್ತಿ ಬಿದ್ದವನೆ. ಕೈ ಮುರ್ಕೊಂಡ."

"ಬ್ರೇಕಿಲ್ಲದ ಬೈಕಿಂದ ಬೀಳ್ದೋನು ಅಕ್ರೋಟಿನ ಮರದಿಂದ ಬಿದ್ನಾ?"

"ಅವರಜ್ಜಿ ಹತ್ತಿಸಿದ್ದಂತೆ."

"ಬೇರೆ ಯಾರೂ ಇಲ್ವೇನೋ?"

"ಈ ದೇಶದಲ್ಲಿ ಲೈಸೆನ್ಸ್ ಇರೋ ಇನ್ನೊಂದು ನರಪಿಳ್ಳೆ ಇಲ್ಲ ಅಕ್ಕ. ಬ್ಲಾಜ್‌ನ ಸ್ಥಾನ ನದಿ ದಾಟ್ತು ಅಂತಾನೆ ಲೆಕ್ಕ."

ಇಂಬ್ರ ಚಮಚ ಕೆಳಗಿಟ್ಟ. "ನನ್ ಹತ್ರ ಇದೆ" ಅಂದ.

ತೊಮೊ ಅವನ ಕಡೆ ತಿರುಗಿದ. ನಾನೂ ತಿರುಗಿದೆ. ಐವತ್ತಾರು ವರ್ಷ, ಮುಂದೆ ಹೊಟ್ಟೆ, ಒಂದು ಮೊಣಕಾಲಿನಲ್ಲಿ ಮೊಳೆ, ಮೀಸೆ ತುದಿಯಲ್ಲಿ ಸಾರು.

"ಬಾಯ್ಮುಚ್ಕೊಂಡು ಉಣ್ಣು" ಅಂದೆ.

"ಎಂಟನೆಯವನು ಗೆಲ್ಬೇಕು ಅಂತೇನಿಲ್ವಲ್ಲ ಅಕ್ಕ. ಒಂದ್ ಓಟ ಮುಗಿಸಿದ್ರೆ ಆಯ್ತು."

"ಮುಗಿಸೋದು ನಿನ್ನ ಕಥೆ ಕಣೋ. ಆಣೆ ಹಾಕಿದ್ದು ಮರ್ತೋಯ್ತಾ? ಹೊಗೆಗೂಡು ಹತ್ತೋಕೇ ಎರಡು ಸಲ ಉಸಿರು ಬಿಡ್ತೀಯ."

ತೊಮೊ ಮಾತ್ರ ಆಗಲೇ ಇಂಬ್ರನ ಸೊಂಟದ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿದ್ದ. ಗ್ರಾಜಿನಿಂದ ಬ್ಲಾಜ್ ಫೋನಿನಲ್ಲಿ ಕೂಗಾಡಿದ. "ಮಾವ, ಬೇಡ. ಒಂದು ವರ್ಷ ಹೋದ್ರೆ ಹೋಯ್ತು, ಬಿಡು." ಹೋದ ಸ್ಥಾನ ಒಂದು ವರ್ಷಕ್ಕೆ ವಾಪಸ್ಸು ಬರುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಎದ್ದವನಿಗೆ ಆ ಸ್ಟೂಲು ಮತ್ತೆ ಸಿಕ್ಕಿದ್ದನ್ನು ನಾವು ನೋಡಿಲ್ಲ.

ಆ ಸಂಜೆ ಇಂಬ್ರ ಹಿತ್ತಲಲ್ಲಿ ನನಗೆ ಕುಂಬಳಕಾಯಿ ಬೀಜ ತೆಗೆದು ಕೊಡುತ್ತಾ ಕೂತಿದ್ದ. ಅವನು, "ಬೇಲಿ ಪಕ್ಕ ನಿಂತ್ಕೊಳ್ಳೋದು ಹೇಗಿರುತ್ತೆ ಅಂತ ನಂಗೆ ಗೊತ್ತು ಕಣಕ್ಕ. ಆ ಹುಡುಗ ನಿಲ್ಲೋದು ಬೇಡ" ಅಂದ. ಮಗ ಒಂದು ಕಡೆ, ತಮ್ಮ ಒಂದು ಕಡೆ. ಅತ್ತ ದರಿ ಇತ್ತ ಪುಲಿ. ಒಳಗೆ ಹೋಗಿ ಅವನ ಹಳೆಯ ಚರ್ಮದ ಉಡುಪಿನ ಬೆನ್ನಿನ ಹೊಲಿಗೆ ಬಿಚ್ಚಿ, ನಡುವೆ ಸೋಫಾದ ಬಟ್ಟೆಯದೊಂದು ಪಟ್ಟಿ ಸೇರಿಸಿ ಅಗಲ ಮಾಡಿದೆ. ಬೈಯುತ್ತಲೇ ಹೊಲಿದೆ.

ಭಾನುವಾರ ಬಿಸಿಲು ಚೆನ್ನಾಗಿತ್ತು. ನೋಡುವುದಕ್ಕೆ ಬಂದ ಪಕ್ಕದ ದೇಶದವರು ಯಾರು ಅಂದುಕೊಂಡಿರಿ? ಮೂರಾ ಆಚೆಯ ಲೋಯ್ಜೆ. ಕುಂಬಳಬೀಜದ ಎಣ್ಣೆಗಾಣದ ಯಜಮಾನ, ಅವರ ಒಕ್ಕೂಟದ ಮುಖ್ಯಸ್ಥ, ಪ್ರಾಯದಲ್ಲಿ ಇಂಬ್ರನ ಜೊತೆ ಮೊಣಕೈ ತಿಕ್ಕಿ ಓಡಿದವನು. ನಾವು ಜಾರಿದರೆ ಸ್ಥಾನ ಹೋಗುವುದು ಇವನ ಮನೆಗೇ. ಬೆಕ್ಕನ್ನು ಹಾಲಿನ ಕಾವಲಿಗೆ ಕೂರಿಸಿದ ಹಾಗಾಯಿತು ಅಂತ ತೊಮೊ ಗೊಣಗಿದ. ಲೋಯ್ಜೆ ಫ್ಲಾಸ್ಕು ಹಿಡಿದುಕೊಂಡು ಸೀದಾ ನನ್ನ ಬಾಣಲೆಯ ಹತ್ತಿರ ಬಂದ.

"ಏನ್ ಯಲ್ಜಾ, ಎಂಟನೇ ಸವಾರ ನಿಮ್ಮ ಸೊನ್ನೆ ಅಂತೆ? ಅಂಗವಿಕಲರ ಪಂದ್ಯ ಅಂತ ಮೊದಲೇ ಹೇಳಿದ್ರೆ ನಾನೂ ಬೈಕ್ ತರ್ತಿದ್ದೆ."

"ನೀವು ಬಂದ್ರೆ ಬೈಕ್ ಅಲ್ಲ ಯಜಮಾನ್ರೆ, ಟ್ರ್ಯಾಕ್ಟರ್ ಬೇಕಾಗುತ್ತೆ. ಲಂಗೋಶ್ ತಿಂತೀರೋ, ಇಲ್ಲ ಲಂಚ ಅಂತೀರೋ?"

"ಪಂದ್ಯ ಮುಗೀಲಿ, ಆಮೇಲೆ ತಿಂತೀನಿ" ಅಂದ. ಮನುಷ್ಯ ಕಟ್ಟುನಿಟ್ಟು.

ಮೊದಲನೆಯ ಓಟ. ನಾಲ್ಕು ಜನರ ಮುಂದೆ ಅಡ್ಡಕ್ಕೆ ಟೇಪು ಬಿಗಿದಿರುತ್ತದೆ, ಅದು ಮೇಲೆ ಹಾರಿದಾಗ ಹೊರಡಬೇಕು. ನಮ್ಮ ಇಂಬ್ರ ಟೇಪು ಹಾರುವ ಮೊದಲೇ ಹಾರಿದ. ಟೇಪು ಕುತ್ತಿಗೆಗೆ ಸುತ್ತಿಕೊಂಡಿತು, ಹೊರಗೆ ಹಾಕಿದರು. ಜನ ನಕ್ಕರು. ಎರಡನೆಯದರಲ್ಲಿ ಸರಿಯಾಗಿ ಹೊರಟ, ಮೊದಲ ತಿರುವಿನಲ್ಲಿ ಬೈಕು ಒಂದು ಕಡೆ, ಇವನು ಒಂದು ಕಡೆ. ಎದ್ದು ಕೈ ಬೀಸಿದ, ನನಗೆ ಜೀವ ಬಂತು. ಮೂರನೆಯದರಲ್ಲಿ ಚೈನು ತುಂಡಾಯಿತು. ನಾನು ಬಾಣಲೆಯಲ್ಲಿ ಒಂದರ ಮೇಲೊಂದು ಲಂಗೋಶ್ ಸೀಯಿಸುತ್ತಿದ್ದೆ, ಯಾರೂ ದೂರು ಹೇಳಲಿಲ್ಲ. ಬ್ಲಾಜ್ ಎಲ್ಲ ಓಟಗಳನ್ನೂ ಗೆದ್ದು ಬರುತ್ತಿದ್ದ, ಅವನ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಉಳಿದ ಏಳು ಜನ ಗೆರೆ ದಾಟಿ ಆಗಿತ್ತು. ಇಂಬ್ರನಿಗೆ ಇನ್ನು ಒಂದೇ ಓಟ, ಅದೇ ಪಂದ್ಯದ ಕೊನೆಯ ಓಟ.

ತಡೆಯಲಾಗಲಿಲ್ಲ. ಒಲೆ ಆರಿಸಿ ಒಳಗೆ, ಸವಾರರು ಇರುವ ಕಡೆ ಹೋದೆ. ಇಂಬ್ರ ಮರದ ಪೆಟ್ಟಿಗೆಯ ಮೇಲೆ ಕೂತಿದ್ದ, ಗಲ್ಲ ಕೆತ್ತಿಹೋಗಿತ್ತು. ಗೂಟಕ್ಕೆ ಅವನ ಕರಿ ಕೋಟು ನೇತುಹಾಕಿತ್ತು. ಬೆಳಗಿನಿಂದ ಹುಡುಗರೆಲ್ಲ ಆ ಖಾಲಿ ಕೋಟಿನ ಗುಂಡಿಯನ್ನೇ ಎಳೆದು ಹೋಗಿದ್ದರು.

"ಬೇಡ ಅನ್ನೋಕೆ ಬಂದ್ಯಾ?" ಅಂದ.

"ಬೇಡ ಅಂದ್ರೆ ಕೇಳೋ ಜಾತಿನಾ ನೀನು?" ಅಂದೆ. ಕೋಟು ತೆಗೆದು ನಾನೇ ಹಾಕಿಕೊಂಡೆ. ನಾನೂ ಹೊಗೆಗೂಡಿನವನ ಮಗಳಲ್ಲವೇ? ಟೋಪಿಯನ್ನೂ ಇಟ್ಟುಕೊಂಡೆ. "ಈಗ ಇದು ನಿನ್ನ ಕೋಟಲ್ಲ, ನಂದು. ಹಿಡ್ಕೊ."

ಅವನು ಮೇಲಿನ ಹಿತ್ತಾಳೆ ಗುಂಡಿ ಹಿಡಿದ. ಐವತ್ತಾರು ವರ್ಷದ ಆಸೆಯನ್ನೆಲ್ಲ ಸೇರಿಸಿ ಹಿಡಿದನೋ ಏನೋ, ಗುಂಡಿ ದಾರ ಸಮೇತ ಕೈಗೆ ಬಂತು. ಅಷ್ಟರಲ್ಲಿ ಓಟಕ್ಕೆ ಕರೆದರು. ಉಡುಪಿಗೆ ಜೇಬಿಲ್ಲ, ಎಡಗೈ ಕ್ಲಚ್ಚಿಗೆ ಬೇಕು, ಬಲಗೈ ಆಕ್ಸಿಲರೇಟರಿಗೆ. ಅವನು ಗುಂಡಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಹಳದಿ ಹೆಲ್ಮೆಟ್ ಏರಿಸಿದ. ನುಂಗಬೇಡ ಕಣೋ ಅಂತ ನಾನು ಕೂಗಿದ್ದು ಇಂಜಿನ್ ಸದ್ದಿನಲ್ಲಿ ಮುಳುಗಿತು.

ಟೇಪು ಹಾರಿತು. ಉಳಿದ ಮೂವರು ಹೋದರು, ಅವರ ಕೆಂಪು ದೂಳಿನ ಹಿಂದೆ ನಮ್ಮ ಇಂಬ್ರ ಮದುವೆಗೆ ತಡವಾದ ಪಾದ್ರಿಯ ಹಾಗೆ ಗಂಭೀರವಾಗಿ ಹೊರಟ. ಮುಂದಿದ್ದವರದು ಒಂದು ಸುತ್ತು ಆಯಿತು. ಎರಡು. ಮೂರು. ಆ ಓಟದಲ್ಲೇ ಇದ್ದ ಬ್ಲಾಜ್ ತನ್ನ ಕೊನೆಯ ಸುತ್ತಿನಲ್ಲಿ ಹಿಂದಿನಿಂದ ಬಂದು ಅವನನ್ನು ದಾಟುವಾಗ ಪಾಪ ಹೊರಗಿನ ಅಂಚಿನಲ್ಲಿ ಸುತ್ತು ಹಾಕಿಕೊಂಡು ಹೋದ, ಮಾವನ ಮೇಲೆ ಮಣ್ಣು ಹಾರಬಾರದು ಅಂತ. ಮೂವರೂ ಓಟ ಮುಗಿಸಿದರು. ಇಂಬ್ರನಿಗೆ ಇನ್ನು ಅರ್ಧ ಸುತ್ತು ಇದೆ ಅನ್ನುವಾಗ, ಆ ಕಡೆಯ ನೇರ ದಾರಿಯಲ್ಲಿ, ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

ಇಂಬ್ರ ಇಳಿದ. ಬೈಕನ್ನು ಒಮ್ಮೆ ನೋಡಿದ, ಗೆರೆಯನ್ನು ಒಮ್ಮೆ ನೋಡಿದ. ಆಮೇಲೆ ಹ್ಯಾಂಡಲ್ ಹಿಡಿದು ತಳ್ಳತೊಡಗಿದ.

ನಮ್ಮ ಆಟದಲ್ಲಿ ಬೈಕು ತಳ್ಳಿಕೊಂಡು ಬರುವುದು ಇಲ್ಲದ್ದೇನಲ್ಲ. ಯಾರಾದರೂ ಬಿದ್ದು ಒಂದು ಅಂಕ ಸಿಗುವ ಹಾಗಿದ್ದರೆ ತಳ್ಳಿಕೊಂಡು ಬರುತ್ತಾರೆ. ಸೊನ್ನೆಗೋಸ್ಕರ ತಳ್ಳಿದವನನ್ನು ಮಾತ್ರ ಯಾರೂ ನೋಡಿರಲಿಲ್ಲ. ಬ್ಲಾಜ್ ತನ್ನ ಬೈಕನ್ನು ಅಲ್ಲೇ ಕೆಡವಿ ಓಡಿಬಂದು ಕೈ ಹಾಕುವವನಿದ್ದ.

"ಮುಟ್ಟಬೇಡ" ಅಂತ ಲೋಯ್ಜೆ ಬೇಲಿಯಿಂದ ಗುಡುಗಿದ. "ಯಾರ ಕೈಯಾದ್ರೂ ತಾಗಿದ್ರೆ ಓಟ ಕೆಡುತ್ತೆ. ಬೇರೆಯವರ ಕೈ ಇಲ್ದೆ ಬೈಕೂ ಅವನೂ ಗೆರೆ ದಾಟ್ಬೇಕು, ಅಷ್ಟೇ."

ಬ್ಲಾಜ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹಾಗೇ ಮಾವನ ಪಕ್ಕದಲ್ಲಿ ನಡೆದ. ಉಳಿದ ಸವಾರರೂ ಒಬ್ಬೊಬ್ಬರಾಗಿ ಬಂದು ಕೈ ಹಿಂದೆ ಕಟ್ಟಿಕೊಂಡು ಅವನ ಜೊತೆ ಹೆಜ್ಜೆ ಹಾಕಿದರು, ಹೆಣದ ಮೆರವಣಿಗೆಯ ಹಾಗೆ ನಿಧಾನವಾಗಿ. ನನಗೆ ನಗುವೂ ಬಂತು, ಅಳುವೂ ಬಂತು. ಮಣ್ಣು ಸಡಿಲ, ಕಬ್ಬಿಣದ ಬೂಟು ಜಾರುತ್ತಿತ್ತು, ಮೊಳೆ ಹೊಡೆದ ಕಾಲನ್ನು ಅವನು ಎಳೆದು ಎಳೆದು ಇಡುತ್ತಿದ್ದ. ಕೊನೆಯ ತಿರುವಿನಲ್ಲಿ ಮಂಡಿಯೂರಿ ಕೂತುಬಿಟ್ಟ.

ನಾನು ಬೇಲಿ ಹಾರಿದೆ. ನನ್ನ ವಯಸ್ಸು ಕೇಳಬೇಡಿ. ಕರಿ ಕೋಟು, ಕರಿ ಟೋಪಿ ಮೈದಾನದ ನಡುವೆ ಓಡುವುದು ಕಂಡದ್ದೇ ತಡ, ಮೆಟ್ಟಿಲುಗಳ ಮೇಲೆ ಕೂತಿದ್ದ ಅಷ್ಟೂ ಜನ ಎದ್ದುನಿಂತು ಗುಂಡಿ ಹಿಡಿದುಕೊಂಡರು. ನಾನು ಇಂಬ್ರನ ಮುಂದೆ ಹೋಗಿ ನಿಂತೆ, ಮುಟ್ಟಲಿಲ್ಲ.

"ಏಳೋ ಮುದುಕಾ. ಸೊನ್ನೆ ಅಲ್ಲೇ ಇದೆ, ನಿನ್ನ ಮೂಗಿನ ಮುಂದೆ. ನಾಲ್ಕು ಹೆಜ್ಜೆ ಹಾಕೋಕೆ ಏನು ದಾಡಿ?"

ಹೆಲ್ಮೆಟ್ಟಿನೊಳಗಿಂದ ಏನೋ ಗೊಣಗಿದ, ಬಾಯಲ್ಲಿ ಗುಂಡಿ ಇದ್ದದ್ದರಿಂದ ತಿಳಿಯಲಿಲ್ಲ. ಒಳ್ಳೆಯ ಮಾತಾಗಿರಲಾರದು. ಆದರೆ ಎದ್ದ. ನಾನು ಅವನಿಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುತ್ತಾ ಬೈದೆ, ಅವನು ಮುಂದೆ ಮುಂದೆ ತಳ್ಳುತ್ತಾ ಬಂದ. ಮುಂದಿನ ಗಾಲಿ ಗೆರೆ ದಾಟಿತು, ಹಿಂದಿನದೂ ದಾಟಿತು, ಅವನೂ ದಾಟಿದ. ದಾಟಿ ಬೈಕಿನ ಜೊತೆಗೇ ಅಡ್ಡ ಬಿದ್ದ.

ಬ್ಲಾಜ್ ಅವನ ಹೆಲ್ಮೆಟ್ ತೆಗೆದ. ಇಂಬ್ರ ಗುಂಡಿಯನ್ನು ಅಂಗೈಗೆ ಉಗುಳಿದ. ಲೋಯ್ಜೆ ಬೇಲಿ ದಾಟಿ ಬಂದು ಅವನ ಮೇಲೆ ಬಗ್ಗಿ ನಿಂತಿದ್ದ.

"ಎಷ್ಟು?" ಅಂದ ಇಂಬ್ರ.

"ಇನ್ನೆಷ್ಟು? ಸೊನ್ನೆ. ತಳ್ಕೊಂಡು ಬಂದ್ರೂ ಗೆರೆ ಗೆರೆನೇ." ಲೋಯ್ಜೆ ಮೂಗು ಒರೆಸಿಕೊಂಡ. "ಎಂಟು ಜನ ಮುಗಿಸಿದ್ರು ಅಂತ ವರದಿ ಕೊಡ್ತೀನಿ. ನಮ್ಮ ಕಡೆ ಕಾಯ್ತಾ ಇರೋ ಹುಡುಗನಿಗೆ ಮಾತ್ರ ಏನ್ ಹೇಳ್ಬೇಕೋ ಗೊತ್ತಿಲ್ಲ."

ಆಗ ನನಗೆ ಆ ಹುಡುಗನ ತಾಯಿಯ ನೆನಪಾಯಿತು, ಅವಳು ಯಾರೋ ಏನೋ. ಲೋಯ್ಜೆಗೆ ಸೀಯದ ಲಂಗೋಶ್‌ಗಳನ್ನು ಹುಡುಕಿ ಕಟ್ಟಿಕೊಟ್ಟೆ, ಆ ಹುಡುಗನಿಗೂ ಒಂದು ಇಟ್ಟೆ. ಬ್ಲಾಜ್ ದೇಶದ ಚಾಂಪಿಯನ್ ಆದದ್ದನ್ನು ಘೋಷಿಸುವುದನ್ನು ತೊಮೊ ಮರೆತೇಬಿಟ್ಟಿದ್ದ, ಜನ ಮನೆಗೆ ಹೊರಟ ಮೇಲೆ ಮೈಕಿನಲ್ಲಿ ಕೂಗಿದ. ಇಂಬ್ರನಿಗೆ ಎರಡು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಕೆಮ್ಮಿದಾಗ ನೋವಂತೆ, ನಕ್ಕಾಗ ಇನ್ನೂ ಹೆಚ್ಚಂತೆ. ಊರವರು ಬೇಕಂತಲೇ ಬಂದು ನಗಿಸಿ ಹೋಗುತ್ತಿದ್ದರು.

ಸಕಲ ಸಂತರ ಹಬ್ಬದ ದಿನ ಎಲ್ಲರಂತೆ ನಾವೂ ಸೇವಂತಿಗೆಯ ಕುಂಡ, ಮೇಣದ ದೀಪ ಹಿಡಿದುಕೊಂಡು ಅಪ್ಪನ ಸಮಾಧಿಗೆ ಹೋದೆವು. ಹಿಂದಿನ ದಿನವಷ್ಟೇ ಒಕ್ಕೂಟದಿಂದ ಫೋನು ಬಂದಿತ್ತು, ಮೇಲಿನವರು ಲೋಯ್ಜೆಯ ವರದಿಯನ್ನು ಒಪ್ಪಿದ್ದಾರೆ, ಸ್ಥಾನ ನಮ್ಮದೇ, ಬ್ಲಾಜ್ ಹೋಗುತ್ತಾನೆ ಅಂತ. ಇಂಬ್ರ ಕರಿ ಕೋಟನ್ನು ಉಜ್ಜಿ ಹಾಕಿಕೊಂಡಿದ್ದ. ಮೇಲಿನ ಗುಂಡಿ ಇರಲಿಲ್ಲ, ಅದನ್ನು ನಾನು ಬ್ಲಾಜ್‌ನ ಉಡುಪಿನ ಒಳಗಡೆ, ಎದೆಯ ಹತ್ತಿರ ಹೊಲಿದಾಗಿತ್ತು. ನಾನು ಎಲೆ ಗುಡಿಸುತ್ತಿದ್ದೆ. ಅವನು ದೀಪ ಹಚ್ಚಿ, ಟೋಪಿ ತೆಗೆದು, ಬಾಗಿಲಲ್ಲಿ ನಿಂತ ಹುಡುಗನ ಹಾಗೆ ನೆಲ ನೋಡುತ್ತಾ ನಿಂತ.

"ಅಪ್ಪಾ, ಆವತ್ತು ನಿಂಗೆ ಸೊನ್ನೆ ಅಂತ ಹೇಳಿದ್ನಲ್ಲ" ಅಂದ. "ಈಗ ತಂದಿದೀನಿ."

ನಾನು ಪೊರಕೆ ಬಿಟ್ಟು ಅವನ ತೋಳು ಹಿಡಿದುಕೊಂಡೆ.